ಮೊಬೈಲಿನ ಗೂಢಾಕ್ಷರ ಮತ್ತು ನಮ್ಮ ಪಗಾರ

(ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ರಜೆ, ಮಲಗುವ ಜಾಗ, ಊಟ ಇವುಗಳ ವಿಷಯವಾಗಿ ಈ ಸಭೆಯಲ್ಲಿ ಎಷ್ಟೋ ಭಾಷಣಗಳಾಗಿವೆ. ಇಂದು ನಾನು ಆರಿಸಿಕೊಂಡ ವಿಷಯ ಬೇರೆ. ಆರ್ಡರು ಬರೆಯುವ ಮೊಬೈಲು ಕೆಲಸದ ನಡುವೆಯೇ ನಿಂತುಹೋದಾಗ, ತಾನು ಎಲ್ಲಿ ನಿಂತೆನೆಂದು ಅದು ಕೆಲವು ಸಾಲು ಬರೆದಿಡುತ್ತದೆ. ಬಹಳ ಸಲ ಆ ಸಾಲುಗಳು ಗೂಢಾಕ್ಷರದಲ್ಲಿರುತ್ತವೆ. ಅವನ್ನು ಓದುವಂತೆ ಮಾಡಲು ಒಂದು ಕೀಲಿಕೈ ಉಂಟು. ಆ ಕೀಲಿಕೈ ಯಾವುದು, ಯಾರ ಹತ್ತಿರ ಇರುತ್ತದೆ, ತಪ್ಪು ಕೀಲಿಕೈ ಹಾಕಿದರೆ ತಪ್ಪು ಯಾರ ತಲೆಗೆ ಬರುತ್ತದೆ ಎಂಬುದನ್ನು ತಮ್ಮ ಮುಂದೆ ಇಡುವುದೇ ನನ್ನ ಉದ್ದೇಶ.

ನಾನು ಕಂಪ್ಯೂಟರು ಕಲಿತವನಲ್ಲ. ಏಳನೆಯ ತರಗತಿ ಮುಗಿಸಿ ಮುಂಬಯಿಗೆ ಬಂದು, ಲೋಟ ತೊಳೆದು, ಮೇಜು ಒರಸಿ, ಸಪ್ಲಾಯರಾಗಿ ಎಂಟು ವರ್ಷ ಓಡಾಡಿ, ಆಮೇಲೆ ಸಂಘದ ಕೆಲಸಕ್ಕೆ ಇಳಿದವನು. ಇಂಗ್ಲಿಷನ್ನು ಮೆನು ಕಾರ್ಡಿನಿಂದ ಕಲಿತೆ. ಇವತ್ತು ಹೇಳುವುದನ್ನೆಲ್ಲ ಒಂದು ದೂರಿನ ಬೆನ್ನು ಹತ್ತಿ, ನಮ್ಮದೇ ಹುಡುಗರನ್ನು ಕೇಳಿ ಕೇಳಿ ಕಲಿತದ್ದು. ನನಗೆ ಅರ್ಥವಾದದ್ದು ತಮಗೂ ಆದೀತು ಎಂಬ ಧೈರ್ಯದಿಂದ ನಿಂತಿದ್ದೇನೆ.

ಮೊದಲು ಆ ದೂರನ್ನು ಹೇಳುತ್ತೇನೆ. ಹೊಟೇಲಿನ ಹೆಸರನ್ನೂ ಆ್ಯಪ್ ಮಾಡಿದವರ ಹೆಸರನ್ನೂ ಹೇಳುವುದಿಲ್ಲ, ಅದರಿಂದ ಪ್ರಯೋಜನವಿಲ್ಲ. ಉಪನಗರದ ಒಂದು ಹೊಟೇಲು. ನಮ್ಮ ಸಭಾಸದನೊಬ್ಬ ಅಲ್ಲಿ ಸಪ್ಲಾಯರ್. ಭಾನುವಾರ ಸಂಜೆ, ಹತ್ತು ಜನರ ಒಂದು ಕುಟುಂಬ ಬಂದು ಎರಡು ಮೇಜು ಜೋಡಿಸಿ ಕುಳಿತಿತು. ಊಟವಾಯಿತು. ಬಿಲ್ಲು ೨,೩೪೦ ರೂಪಾಯಿ. ಬಿಲ್ಲು ಮುಗಿಸುವ ಗುಂಡಿ ಒತ್ತಿದ ಕೂಡಲೇ ಆ್ಯಪ್ ಮುಚ್ಚಿಹೋಯಿತು. ಮತ್ತೆ ತೆರೆದರೆ ಎರಡೂ ಮೇಜು ಖಾಲಿ ಎಂದು ತೋರಿಸಿತು. ನಮ್ಮವ ಗಲ್ಲೆಗೂ ಅಡುಗೆಮನೆಗೂ ಓಡಾಡುತ್ತಿರುವಾಗ ಗಿರಾಕಿಗಳು ಕಾದು ಕಾದು ಎದ್ದು ಹೋದರು. ಅಡುಗೆಮನೆಯಲ್ಲಿ ಕೆ.ಓ.ಟಿ. ಚೀಟಿಗಳು ಇವೆ, ಗಲ್ಲೆಯಲ್ಲಿ ದುಡ್ಡಿಲ್ಲ. “ನಿನಗೆ ಮೊಬೈಲು ಒತ್ತಲು ಬರಲಿಲ್ಲ” ಎಂದು ಮ್ಯಾನೇಜರರು ಆ ೨,೩೪೦ ರೂಪಾಯಿಯನ್ನು ಅವನ ಪಗಾರದಿಂದ ಹಿಡಿಯುವುದಾಗಿ ಹೇಳಿದರು.

ಅವನು ಸಂಘಕ್ಕೆ ಬಂದ. ನಾವು ಹೋಗಿ ಕೇಳಿದೆವು. ಮಾಲಿಕರು ಕೆಟ್ಟವರಲ್ಲ, ಆ್ಯಪ್ ಮಾಡಿದವರಿಗೆ ಫೋನು ಮಾಡಿಸಿದರು. ಅವರು ಒಂದು ಕಾಗದ ಕಳುಹಿಸಿದರು. ಅದರಲ್ಲಿದ್ದದ್ದನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಹೀಗಿತ್ತು:

ಜಾವಾ.ಲ್ಯಾಂಗ್.ನಲ್‌ಪಾಯಿಂಟರ್‌ಎಕ್ಸೆಪ್ಷನ್
ಬಿ.ಎ.ಸಿ.ಎ (ಸೋರ್ಸ್‌ಫೈಲ್ : ೭)
ಬಿ.ಎ.ಡಿ.ಬಿ (ಸೋರ್ಸ್‌ಫೈಲ್ : ೩೧)
ಬಿ.ಎ.ಎಫ್.ಆನ್‌ಕ್ಲಿಕ್ (ಸೋರ್ಸ್‌ಫೈಲ್ : ೨)
ಆಂಡ್ರಾಯ್ಡ್.ವ್ಯೂ.ವ್ಯೂ.ಪರ್‌ಫಾರ್ಮ್‌ಕ್ಲಿಕ್

ಇದನ್ನು ಸ್ಟ್ಯಾಕ್ ಟ್ರೇಸ್ ಎನ್ನುತ್ತಾರೆ. ಸ್ಟ್ಯಾಕ್ ಎಂದರೆ ಅಟ್ಟಿ. ನಮ್ಮ ತೊಳೆಯುವ ಕಟ್ಟೆಯ ಪಕ್ಕದಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತೇವಲ್ಲ, ಅದೇ. ಕೊನೆಗೆ ಇಟ್ಟದ್ದು ಮೇಲೆ ಇರುತ್ತದೆ; ತೆಗೆಯುವಾಗ ಅದೇ ಮೊದಲು ಬರುತ್ತದೆ. ಪ್ರೋಗ್ರಾಮಿನೊಳಗೆ ಕೆಲಸ ನಡೆಯುವುದೂ ಹೀಗೆಯೇ. ಗಿರಾಕಿ ಸಪ್ಲಾಯರನಿಗೆ ಮಸಾಲೆದೋಸೆ ಹೇಳುತ್ತಾನೆ. ಸಪ್ಲಾಯರ್ ದೋಸೆ ಭಟ್ಟರಿಗೆ ಕೂಗುತ್ತಾನೆ. ಭಟ್ಟರು ಹಿಟ್ಟಿಗಾಗಿ ಒಳಗಿನ ಹುಡುಗನನ್ನು ಕೂಗುತ್ತಾರೆ. ಒಬ್ಬೊಬ್ಬನೂ ತಾನು ಕೂಗಿದವನ ಉತ್ತರಕ್ಕಾಗಿ ಕಾಯುತ್ತಾ ನಿಂತಿರುತ್ತಾನೆ. ಒಳಗೆ ಹಿಟ್ಟೇ ಇಲ್ಲವೆಂದಾದರೆ ಇಡೀ ಸರಪಳಿ ನಿಂತುಹೋಗುತ್ತದೆ. ಆ ಗಳಿಗೆಯಲ್ಲಿ ಯಾರು ಯಾರನ್ನು ಕೂಗಿ ಕಾಯುತ್ತಿದ್ದರು ಎಂದು ಮೇಲಿನಿಂದ ಕೆಳಕ್ಕೆ ಬರೆದ ಪಟ್ಟಿಯೇ ಸ್ಟ್ಯಾಕ್ ಟ್ರೇಸ್. ಮೇಲಿನ ಸಾಲು ಬಿದ್ದ ಜಾಗ. ಕೆಳಗಿನ ಸಾಲು ಕೆಲಸ ಶುರುವಾದ ಜಾಗ.

ಮೊದಲ ಸಾಲಿನಲ್ಲಿರುವ ಉದ್ದದ ಹೆಸರು ಬಿದ್ದ ರೀತಿಯನ್ನು ಹೇಳುತ್ತದೆ. ಇಲ್ಲದ ವಸ್ತುವನ್ನು ಇದೆಯೆಂದು ತಿಳಿದು ಹಿಡಿಯಲು ಹೋಯಿತು ಎಂದು ಅದರ ಅರ್ಥ. ಪಾತ್ರೆಯೇ ಇಲ್ಲದ ಕಡೆ ಸೌಟು ಇಳಿಸಿದಂತೆ.

ಈಗ ನಡುವಿನ ಸಾಲುಗಳನ್ನು ನೋಡಿ. ಬಿ.ಎ.ಸಿ.ಎ ಎಂದರೇನು? ಬರೆದವನು ಹೀಗೆ ಬರೆದಿರಲಿಲ್ಲ. ಬರೆಯುವಾಗ ಅವನು ಪ್ರತಿಯೊಂದು ವಿಭಾಗಕ್ಕೂ ಅದರೊಳಗಿನ ಪ್ರತಿಯೊಂದು ಕೆಲಸಕ್ಕೂ ಅರ್ಥವಾಗುವ ಹೆಸರು ಇಟ್ಟಿದ್ದ. ಆ್ಯಪನ್ನು ಹೊರಗೆ ಕಳುಹಿಸುವ ಮುಂಚೆ ಒಂದು ಯಂತ್ರ ಆ ಹೆಸರುಗಳನ್ನೆಲ್ಲ ಅಳಿಸಿ ಎ, ಬಿ, ಸಿ ಎಂದು ಚಿಕ್ಕ ಹೆಸರು ಕೊಟ್ಟಿತು. ಬೆಲ್ಜಿಯಂ ದೇಶದ ಎರಿಕ್ ಲಾಫೋರ್ಚೂನ್ ಎಂಬವರು ಮಾಡಿದ ಪ್ರೋಗಾರ್ಡ್ ಎಂಬ ಸಾಧನ ೨೦೦೨ರಲ್ಲಿ ಹೊರಬಂತು. ಅದು ಬಹಳ ಕಾಲ ಆಂಡ್ರಾಯ್ಡ್ ಫೋನುಗಳ ಆ್ಯಪುಗಳಿಗೆ ಈ ಕೆಲಸ ಮಾಡಿತು. ೨೦೧೯ರಿಂದ ಗೂಗಲ್ಲಿನವರ ಆರ್-೮ ಎಂಬ ಸಾಧನ ಅದರ ಜಾಗಕ್ಕೆ ಬಂತು. ಅದೂ ಪ್ರೋಗಾರ್ಡಿನ ನಿಯಮಗಳನ್ನೇ ಓದಿಕೊಂಡು ಕೆಲಸ ಮಾಡುತ್ತದೆ.

ಹೆಸರು ಬದಲಿಸುವುದು ಮೋಸವೇ ಎಂದು ತಾವು ಕೇಳಬಹುದು. ಅಲ್ಲ. ಅದಕ್ಕೆ ನ್ಯಾಯವಾದ ಕಾರಣಗಳಿವೆ. ಉದ್ದ ಹೆಸರು ಚಿಕ್ಕದಾದರೆ, ಬೇಡದ ಭಾಗಗಳನ್ನು ಕಿತ್ತುಹಾಕಿದರೆ, ಆ್ಯಪ್ ಹಗುರವಾಗುತ್ತದೆ. ನಮ್ಮಂಥವರ ಕಡಿಮೆ ಬೆಲೆಯ ಫೋನಿನಲ್ಲಿಯೂ ಜಾಗ ಹಿಡಿಸುತ್ತದೆ. ಮತ್ತೊಂದು, ತನ್ನ ಕೆಲಸದ ಗುಟ್ಟನ್ನು ಬೇರೆ ವ್ಯಾಪಾರಿ ಸುಲಭವಾಗಿ ಓದಿ ಕದಿಯಬಾರದು ಎಂಬ ಎಚ್ಚರಿಕೆ. ಸಾಂಬಾರು ಪುಡಿಯ ಡಬ್ಬಿಗಳ ಮೇಲೆ ಹೆಸರು ಬರೆಯದೆ ಬರೀ ನಂಬರು ಹಾಕುವ ಭಟ್ಟರನ್ನು ನಾವು ಕಂಡಿಲ್ಲವೆ? ನಂಬರು ಹಾಕಿದ್ದರಲ್ಲಿ ತಪ್ಪಿಲ್ಲ. ಯಾವ ನಂಬರು ಯಾವ ಪುಡಿ ಎಂಬುದನ್ನು ಎಲ್ಲಿಯೂ ಬರೆದಿಡದೆ ಊರಿಗೆ ಹೋದರೆ ಮಾತ್ರ ಅಡುಗೆಮನೆಗೆ ಬೀಗ.

ಆ ಬರೆದಿಟ್ಟ ಪಟ್ಟಿಗೆ ಮ್ಯಾಪಿಂಗ್ ಫೈಲ್ ಎಂದು ಹೆಸರು. ನಾನು ಕೀಲಿಕೈ ಎಂದದ್ದು ಅದನ್ನೇ. ಹೆಸರು ಬದಲಿಸುವ ಯಂತ್ರವೇ ಅದನ್ನು ಬರೆದುಕೊಡುತ್ತದೆ. ಎಡಕ್ಕೆ ಹಳೆಯ ಹೆಸರು, ನಡುವೆ ಒಂದು ಬಾಣದ ಗುರುತು, ಬಲಕ್ಕೆ ಹೊಸ ಚಿಕ್ಕ ಹೆಸರು. ಜೊತೆಗೆ ಸಾಲುಗಳ ನಂಬರು ಹೇಗೆ ಬದಲಾಯಿತು ಎಂಬ ಲೆಕ್ಕವೂ ಇರುತ್ತದೆ. ಈ ಫೈಲು ನಮ್ಮ ಫೋನಿಗೆ ಬರುವುದಿಲ್ಲ. ಆ್ಯಪ್ ಮಾಡಿದವರ ಹತ್ತಿರವೇ ಉಳಿಯುತ್ತದೆ, ಉಳಿಯಬೇಕು.

ಗಿರಣಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿಯ ಬಾಗಿಲಲ್ಲಿ ಮನುಷ್ಯನಿಗೆ ಹೆಸರಿರಲಿಲ್ಲ, ತಿಕೀಟು ನಂಬರು ಇತ್ತು. ಆ ನಂಬರು ಯಾರದು ಎಂದು ಹೇಳುವುದು ಮಸ್ಟರು ಪುಸ್ತಕ. ೧೯೮೨ರ ಜನವರಿ ೧೮ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಶುರುವಾಯಿತು. ಆಮೇಲೆ ಒಂದೊಂದೇ ಗಿರಣಿ ಮುಚ್ಚಿತು. ವರ್ಷಗಳು ಕಳೆದು ಗಿರಣಿ ಕಾರ್ಮಿಕರಿಗೆ ಮನೆ ಕೊಡುವ ಯೋಜನೆ ಬಂತು. ೨೦೧೨ರಲ್ಲಿ ಮ್ಹಾಡಾದವರು ೬,೯೨೫ ಮನೆಗಳಿಗೆ ಲಾಟರಿ ಎತ್ತಿದರು. ೧೯೮೨ರ ಜನವರಿ ೧ರಂದು ಅಥವಾ ಆ ಬಳಿಕ ಗಿರಣಿಯ ಕೆಲಸದಲ್ಲಿದ್ದೆನೆಂದು ತೋರಿಸಬೇಕಾಗಿತ್ತು. ಆಗ ತಿಕೀಟು ನಂಬರು, ಇ.ಎಸ್.ಐ. ನಂಬರು, ಪ್ರಾವಿಡೆಂಟ್ ಫಂಡಿನ ನಂಬರು, ಪಗಾರದ ಚೀಟಿ, ಇವುಗಳಿಗಾಗಿ ಜನ ಪೆಟ್ಟಿಗೆಯ ತಳವನ್ನೆಲ್ಲ ತಡಕಿದರು. ನಂಬರು ಕೈಯಲ್ಲಿದ್ದರೂ ಅದನ್ನು ಹೆಸರಿಗೆ ಜೋಡಿಸುವ ಪುಸ್ತಕ ಇಲ್ಲದಿದ್ದರೆ ಮೂವತ್ತು ವರ್ಷದ ದುಡಿಮೆಯೂ ಓದಲಾಗದ ಅಕ್ಷರವಾಗುತ್ತದೆ. ಮ್ಯಾಪಿಂಗ್ ಫೈಲು ಎಂದರೆ ಪ್ರೋಗ್ರಾಮಿನ ಮಸ್ಟರು ಪುಸ್ತಕ.

ಗೂಢಾಕ್ಷರದ ಸಾಲುಗಳನ್ನು ಈ ಪುಸ್ತಕದೊಂದಿಗೆ ಹೋಲಿಸಿ ಮೂಲ ಹೆಸರು ಹೇಳುವ ಸಾಧನಕ್ಕೆ ರಿಟ್ರೇಸ್ ಎನ್ನುತ್ತಾರೆ. ಅದು ಆಂಡ್ರಾಯ್ಡ್ ಸಾಮಾನುಗಳ ಜೊತೆಗೇ ಪುಕ್ಕಟೆಯಾಗಿ ಸಿಗುತ್ತದೆ. ಅದರ ಕ್ರಮ ಹೀಗಿದೆ. ಮೊದಲು ವಿಭಾಗದ ಹೆಸರು ನೋಡುತ್ತದೆ: ಬಿ.ಎ.ಸಿ ಎಂಬುದು ಮೂಲದಲ್ಲಿ ಯಾವ ವಿಭಾಗ? ಆಮೇಲೆ ಕೆಲಸದ ಹೆಸರು: ಆ ವಿಭಾಗದಲ್ಲಿ ಎ ಎಂಬುದು ಯಾವ ಕೆಲಸ? ಇಲ್ಲೊಂದು ತೊಡಕುಂಟು. ಹೆಸರು ಉಳಿಸುವ ಆಸೆಯಿಂದ ಯಂತ್ರ ಒಂದೇ ವಿಭಾಗದ ಎರಡು ಮೂರು ಕೆಲಸಗಳಿಗೂ ಎ ಎಂದೇ ಹೆಸರು ಇಟ್ಟಿರಬಹುದು. ಒಂದೇ ಹೊಟೇಲಿನಲ್ಲಿ ಮೂವರು ಶೇಖರರು ಇದ್ದಂತೆ. ಆಗ ಸಾಲಿನ ನಂಬರು ನೆರವಿಗೆ ಬರುತ್ತದೆ. ಏಳನೆಯ ಸಾಲು ಎಂದಿದ್ದರೆ ಅದು ಇಂಥ ಕೆಲಸದ್ದೇ ಎಂದು ಪಟ್ಟಿ ಹೇಳುತ್ತದೆ. ಸಾಲಿನ ನಂಬರನ್ನು ಉಳಿಸಿಕೊಳ್ಳದಿದ್ದರೆ ರಿಟ್ರೇಸ್ ಪಾಪ ಏನು ಮಾಡೀತು? “ಇವನಿರಬಹುದು, ಇಲ್ಲವೆ ಅವನಿರಬಹುದು” ಎಂದು ಎಲ್ಲ ಹೆಸರುಗಳನ್ನೂ ಮುಂದಿಡುತ್ತದೆ.

ಇನ್ನೊಂದು ತೊಡಕು. ಚಿಕ್ಕ ಕೆಲಸಗಳನ್ನು ಯಂತ್ರ ದೊಡ್ಡ ಕೆಲಸದೊಳಗೆ ಸೇರಿಸಿಬಿಡುತ್ತದೆ. ಚಟ್ನಿ ಬಡಿಸುವವನನ್ನು ತೆಗೆದು ಆ ಕೆಲಸವನ್ನೂ ದೋಸೆಯವನಿಗೇ ಒಪ್ಪಿಸಿದಂತೆ. ಆದುದರಿಂದ ಗೂಢಾಕ್ಷರದ ಒಂದು ಸಾಲು ಬಿಡಿಸಿದಾಗ ಎರಡು ಮೂರು ಸಾಲಾಗಿ ಹರಡುವುದುಂಟು. ಆ ಲೆಕ್ಕವೂ ಮ್ಯಾಪಿಂಗ್ ಫೈಲಿನಲ್ಲಿಯೇ ಇರುತ್ತದೆ, ತಲೆಯಿಂದ ಊಹಿಸಲಾಗುವುದಿಲ್ಲ.

ಈಗ ನಮ್ಮ ಸಭಾಸದನ ದೂರಿಗೆ ಬರೋಣ. ಆ್ಯಪ್ ಮಾಡಿದವರು ತಮ್ಮ ಮ್ಯಾಪಿಂಗ್ ಫೈಲು ಹಾಕಿ ನೋಡಿ ಉತ್ತರ ಕೊಟ್ಟರು: ಬಿ.ಎ.ಸಿ.ಎ ಎಂದರೆ ಪ್ರಿಂಟರಿಗೆ ಜೋಡಿಸುವ ಕೆಲಸ. ಪ್ರಿಂಟರು ಸಿಗದೆ ಆ್ಯಪ್ ನಿಂತಿದೆ. ಸಪ್ಲಾಯರ್ ಪ್ರಿಂಟರನ್ನು ಆರಿಸಿರಬೇಕು. ಕೇಳಿದವರಿಗೆ ಸರಿಯೆಂದೇ ತೋರಿತು. ಬಿಲ್ಲಿನ ಹೊತ್ತಿಗೆ ಪ್ರಿಂಟರು ಬೇಕು, ಪ್ರಿಂಟರು ಇರಲಿಲ್ಲ, ಲೆಕ್ಕ ಮುಗಿಯಿತು. ನಮ್ಮವ ಮಾತ್ರ, “ನಾನು ಪ್ರಿಂಟರು ಮುಟ್ಟಿಯೇ ಇಲ್ಲ, ಆ ದಿನ ಬೇರೆ ಮೇಜಿನ ಬಿಲ್ಲುಗಳು ಅದರಲ್ಲಿಯೇ ಬಂದಿವೆ” ಎಂದು ಹಿಡಿದ ಮಾತು ಬಿಡಲಿಲ್ಲ.

ಆಗ ನಮ್ಮ ಹುಡುಗನೊಬ್ಬ, ಹಗಲು ಹೊಟೇಲಿನಲ್ಲಿ ದುಡಿದು ಸಂಜೆ ಕಂಪ್ಯೂಟರು ಕಲಿತವನು, ಒಂದೇ ಪ್ರಶ್ನೆ ಕೇಳಿದ: “ಆ ಮೊಬೈಲಿನಲ್ಲಿದ್ದ ಆ್ಯಪ್ ಎಷ್ಟನೆಯ ಆವೃತ್ತಿ?” ತೆಗೆದು ನೋಡಿದರೆ ಮೂರು ತಿಂಗಳು ಹಳೆಯದು. ಯಾರೂ ಅಪ್‌ಡೇಟ್ ಮಾಡಿರಲಿಲ್ಲ. ಅವರು ಹಾಕಿ ನೋಡಿದ್ದು ಹೊಸ ಆವೃತ್ತಿಯ ಮ್ಯಾಪಿಂಗ್ ಫೈಲು.

ಬಂಧುಗಳೇ, ಈ ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಿ. ಆ್ಯಪನ್ನು ಹೊಸದಾಗಿ ಕಟ್ಟಿದಾಗ ಎ, ಬಿ, ಸಿ ಹಂಚಿಕೆಯೂ ಬದಲಾಗಬಹುದು. ನಿನ್ನೆ ಸಿ ಎಂದರೆ ಬಿಲ್ಲು, ಇಂದು ಸಿ ಎಂದರೆ ಪ್ರಿಂಟರು. ಪಾರ್ಸೆಲ್ ಕೌಂಟರಿನಲ್ಲಿ ನಿನ್ನೆಯ ಟೋಕನ್ ಪುಸ್ತಕ ಹಿಡಿದುಕೊಂಡು ಇಂದಿನ ೧೪ನೆಯ ಟೋಕನಿನವನನ್ನು ಕೂಗಿದರೆ ಯಾರೋ ಒಬ್ಬ ಬಂದೇ ಬರುತ್ತಾನೆ. ಆದರೆ ಪೊಟ್ಟಣ ಅವನದಲ್ಲ. ಕೀಲಿಕೈ ಇಲ್ಲದಿದ್ದರೆ ಬೀಗ ತೆರೆಯುವುದಿಲ್ಲ, ಅಷ್ಟೇ. ನಮಗೆ ತಿಳಿಯಲಿಲ್ಲವೆಂದು ನಮಗೇ ಗೊತ್ತಿರುತ್ತದೆ. ತಪ್ಪು ಕೀಲಿಕೈಯಾದರೋ ಬೀಗ ತೆರೆದಂತೆ ಕಾಣುತ್ತದೆ, ಒಳಗೆ ಬೇರೆಯವರ ಮನೆ ಇರುತ್ತದೆ. ಎರಡನೆಯದರಲ್ಲಿಯೇ ಅಪಾಯ ಹೆಚ್ಚು.

ಅವರು ಮೂರು ತಿಂಗಳ ಹಿಂದಿನ ಫೈಲನ್ನು ಹುಡುಕಿದರು. ಪುಣ್ಯಕ್ಕೆ ಇಟ್ಟಿದ್ದರು. ಅದನ್ನು ಹಾಕಿದಾಗ ಸಾಲುಗಳು ಬೇರೆಯೇ ಮಾತಾಡಿದವು. ಕೆಳಗಿನಿಂದ ಓದಿದರೆ: ಬೆರಳು ಗುಂಡಿ ಒತ್ತಿತು, ಬಿಲ್ಲು ಮುಗಿಸುವ ಕೆಲಸ ಶುರುವಾಯಿತು, ಅದು ಮೊತ್ತ ಕೂಡಿಸುವ ಕೆಲಸವನ್ನು ಕರೆಯಿತು, ಅದು ರಿಯಾಯಿತಿ ಲೆಕ್ಕ ಹಾಕುವ ಕೆಲಸವನ್ನು ಕರೆಯಿತು, ಅಲ್ಲಿ ಬಿದ್ದಿತು. ಮೇಜು ಜೋಡಿಸಿದಾಗ ಎರಡನೆಯ ಮೇಜಿನ ರಿಯಾಯಿತಿಯ ಜಾಗ ಖಾಲಿಯಾಗಿ ಉಳಿಯುತ್ತಿತ್ತು. ಖಾಲಿಯಾಗಿರಬಹುದೆಂದು ಬರೆದವನು ಯೋಚಿಸಿರಲಿಲ್ಲ. ಪ್ರಿಂಟರಿನ ಹೆಸರು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಹೊಟೇಲಿನವರೇ ಎರಡು ಮೇಜು ಜೋಡಿಸಿ ಬಿಲ್ಲು ಮಾಡಿ ನೋಡಿದರು. ಮ್ಯಾನೇಜರರು ಒತ್ತಿದರೂ ಆ್ಯಪ್ ಬಿದ್ದಿತು, ಮಾಲಿಕರು ಒತ್ತಿದರೂ ಬಿದ್ದಿತು. ನಮ್ಮವನ ಪಗಾರಕ್ಕೆ ಕೈ ಹಚ್ಚಲಿಲ್ಲ. ಆ್ಯಪ್ ಮಾಡಿದವರೂ ತಮ್ಮ ದೋಷ ತಿದ್ದಿ ಹೊಸ ಆವೃತ್ತಿ ಕಳುಹಿಸಿದರು.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಬೇಕು. ಕೆಲಸಗಾರನ ಅಲಕ್ಷ್ಯದಿಂದ ಅಥವಾ ತಪ್ಪಿನಿಂದ ನೇರವಾಗಿ ಆದ ನಷ್ಟಕ್ಕೆ ಮಾತ್ರ ಪಗಾರ ಹಿಡಿಯಬಹುದು. ಹಿಡಿಯುವ ಮುಂಚೆ ಅವನಿಗೆ ಕಾರಣ ಹೇಳಿಕೊಳ್ಳಲು ಅವಕಾಶ ಕೊಡಬೇಕು. ೧೯೩೬ರ ವೇತನ ಪಾವತಿ ಕಾನೂನು ಹೀಗೆಯೇ ಹೇಳುತ್ತಿತ್ತು. ಅದರ ಜಾಗಕ್ಕೆ ಬಂದು ೨೦೨೫ರ ನವೆಂಬರ್ ೨೧ರಿಂದ ಜಾರಿಯಲ್ಲಿರುವ ೨೦೧೯ರ ವೇತನ ಸಂಹಿತೆಯೂ ಈ ಅವಕಾಶವನ್ನು ಉಳಿಸಿಕೊಂಡಿದೆ. ಆದರೆ ಕಾರಣ ಹೇಳಿಕೊಳ್ಳುವುದು ಎಂದರೆ ಬರೀ ಅಳುವುದಲ್ಲ. ಯಂತ್ರ ಬಿದ್ದ ಜಾಗ ಓದಲಾಗದ ಅಕ್ಷರದಲ್ಲಿದ್ದರೆ, ಅದನ್ನು ತಪ್ಪಾಗಿ ಓದಿದ್ದರೆ, ನಮ್ಮ ಕಾರಣಕ್ಕೆ ಬಲವೆಲ್ಲಿಂದ ಬರಬೇಕು? ಆದುದರಿಂದ ಸ್ಟ್ಯಾಕ್ ಟ್ರೇಸ್ ನಮ್ಮ ಪಾಲಿಗೆ ಒಂದು ಸಾಕ್ಷಿ. ಸಾಕ್ಷಿಯ ಭಾಷೆ ಬಲ್ಲ ದುಭಾಷಿ ಬೇಕು, ಮತ್ತು ದುಭಾಷಿ ಸರಿಯಾದವನಾಗಿರಬೇಕು.

ಮ್ಯಾಪಿಂಗ್ ಫೈಲು ಕಳೆದೇಹೋದರೆ ಏನು ಗತಿ ಎಂದು ಕೇಳುವಿರಿ. ಇದು ಕಳೆಯುವುದು ಬಹಳ ಸುಲಭ. ಆ್ಯಪನ್ನು ಮತ್ತೆ ಕಟ್ಟಿದಾಗಲೆಲ್ಲ ಹಳೆಯ ಫೈಲಿನ ಮೇಲೆಯೇ ಹೊಸದು ಬರೆದುಕೊಳ್ಳುತ್ತದೆ. ಪ್ರತಿಯೊಂದನ್ನೂ ಬೇರೆ ಕಡೆ ತೆಗೆದಿಡದಿದ್ದರೆ ಹೋಯಿತು. ಆಗಲೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಹಳೆಯ ಆವೃತ್ತಿಯ ಮೂಲ ಬರಹ ಇದ್ದು, ಅಂದು ಬಳಸಿದ ಸಾಧನಗಳನ್ನೂ ನಿಯಮಗಳನ್ನೂ ಹಾಗೆಯೇ ಇಟ್ಟುಕೊಂಡು ಮತ್ತೊಮ್ಮೆ ಕಟ್ಟಿದರೆ ಅದೇ ಪಟ್ಟಿ ಮರಳಿ ಸಿಗುವ ಸಂಭವ ಹೆಚ್ಚು. ಒಂದು ಸಾಧನ ಹೊಸದಾದರೂ ಹಂಚಿಕೆ ತಪ್ಪಬಹುದು. ಆದುದರಿಂದ ಹೀಗೆ ಪಡೆದ ಪಟ್ಟಿ ಹಳೆಯ ಆ್ಯಪಿಗೆ ಸರಿಹೊಂದುತ್ತದೆಯೇ ಎಂದು ಹೋಲಿಸಿ ನೋಡಿದ ಮೇಲೆಯೇ ನಂಬಬೇಕು.

ಅದೂ ಆಗದಿದ್ದರೆ, ಗೂಢಾಕ್ಷರದಲ್ಲಿಯೇ ಸ್ವಲ್ಪ ಓದಲು ಬರುತ್ತದೆ. ಯಂತ್ರ ಎಲ್ಲ ಹೆಸರನ್ನೂ ಬದಲಿಸಲಾರದು. ಆಂಡ್ರಾಯ್ಡಿನ ಸ್ವಂತ ಕೆಲಸಗಳ ಹೆಸರು ಫೋನಿನೊಳಗೇ ಇರುವುದರಿಂದ ಅವು ಹಾಗೆಯೇ ಉಳಿಯುತ್ತವೆ. ಮೇಲೆ ನಾನು ಓದಿದ ಕಾಗದದಲ್ಲಿ ಕೊನೆಯ ಎರಡು ಸಾಲು ನೆನಪಿಸಿಕೊಳ್ಳಿ: ಆನ್‌ಕ್ಲಿಕ್, ಪರ್‌ಫಾರ್ಮ್‌ಕ್ಲಿಕ್. ಯಾವ ಕೀಲಿಕೈಯೂ ಇಲ್ಲದೆ ಅವು ಹೇಳುವುದಿಷ್ಟು: ಒಂದು ಗುಂಡಿ ಒತ್ತಿದ ಕೂಡಲೇ ಕೆಲಸ ಶುರುವಾಯಿತು, ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಇಲ್ಲದ ವಸ್ತುವನ್ನು ಹುಡುಕಿ ಬಿದ್ದಿತು. ಇದು ಪೂರ್ಣ ಸತ್ಯವಲ್ಲದಿದ್ದರೂ ಸುಳ್ಳಲ್ಲ.

ಸರಿಯಾದ ಕೀಲಿಕೈ ಸಿಕ್ಕಿದರೂ ಅದರಿಂದ ಎಲ್ಲವೂ ತಿಳಿಯುತ್ತದೆ ಎಂದು ಹಿಗ್ಗಬಾರದು. ಸ್ಟ್ಯಾಕ್ ಟ್ರೇಸ್ ಬಿದ್ದ ಜಾಗವನ್ನು ತೋರಿಸುತ್ತದೆ. ಬೀಳುವಂತೆ ಮಾಡಿದ ಕಲ್ಲು ಹಿಂದೆಲ್ಲೋ ಇರಬಹುದು. ನಮ್ಮ ದೂರಿನಲ್ಲಿಯೇ ನೋಡಿ: ಬಿದ್ದದ್ದು ರಿಯಾಯಿತಿಯ ಲೆಕ್ಕದಲ್ಲಿ, ಕಾರಣ ಇದ್ದದ್ದು ಅರ್ಧ ಗಂಟೆ ಮುಂಚೆ ಮೇಜು ಜೋಡಿಸಿದ್ದರಲ್ಲಿ. ಮೇಜು ಜೋಡಿಸಿದ ಸಂಗತಿಯನ್ನು ಕಾಗದ ಹೇಳಲಿಲ್ಲ, ಸಪ್ಲಾಯರ್ ಹೇಳಿದ. ಯಂತ್ರದ ಸಾಕ್ಷಿ ಮತ್ತು ಮನುಷ್ಯನ ಸಾಕ್ಷಿ ಎರಡೂ ಸೇರಿದಾಗಲೇ ಸಂಗತಿ ಬಗೆಹರಿಯಿತು. ಇದನ್ನು ಯಾರೂ ಮರೆಯಬಾರದು. ಕೆಲಸದವನ ಬಾಯಿ ಮುಚ್ಚಿಸಿ ಯಂತ್ರವನ್ನು ಮಾತ್ರ ಕೇಳುವವನು ಯಂತ್ರವನ್ನೂ ಸರಿಯಾಗಿ ಕೇಳಲಾರ.

ಇನ್ನು ನಾವು ಮಾಡಬೇಕಾದದ್ದೇನು? ಐದು ಮಾತು ಹೇಳುತ್ತೇನೆ.

ಒಂದು: ಆ್ಯಪ್ ಮುಚ್ಚಿಹೋದ ಕೂಡಲೇ ಗಡಿಯಾರ ನೋಡಿ. ದಿನ, ಗಂಟೆ, ನಿಮಿಷ ಬರೆದಿಡಿ. ಕೆ.ಓ.ಟಿ. ಚೀಟಿಯ ಹಿಂಬದಿಯೇ ಸಾಕು.

ಎರಡು: ಆಗ ಏನು ಮಾಡುತ್ತಿದ್ದಿರಿ ಎಂಬುದನ್ನು ಕ್ರಮವಾಗಿ ಬರೆಯಿರಿ. ಯಾವ ಮೇಜು, ಜೋಡಿಸಿತ್ತೇ, ರಿಯಾಯಿತಿ ಇತ್ತೇ, ಯಾವ ಗುಂಡಿ ಒತ್ತಿದಿರಿ. ಕನ್ನಡದಲ್ಲಿಯೇ ಬರೆಯಿರಿ; ಇಂಗ್ಲಿಷು ಬರುವುದಿಲ್ಲವೆಂದು ಬಿಡಬೇಡಿ.

ಮೂರು: ಆ್ಯಪಿನ ಆವೃತ್ತಿಯ ನಂಬರು ನೋಡಿ. ಫೋನಿನ ಸೆಟ್ಟಿಂಗ್ಸಿನಲ್ಲಿ ಆ್ಯಪ್ಸ್ ಎಂಬಲ್ಲಿ ಹೋಗಿ ಆ ಆ್ಯಪನ್ನು ತೆರೆದರೆ ಸಾಮಾನ್ಯವಾಗಿ ಕೊನೆಯಲ್ಲಿ ಬರೆದಿರುತ್ತದೆ. ಅದರ ಫೋಟೋ ತೆಗೆದಿಡಿ. “ಅಪ್‌ಡೇಟ್ ಮಾಡು, ಸರಿಯಾಗುತ್ತದೆ” ಎಂದು ಯಾರಾದರೂ ಹೇಳಿದರೆ, ಮಾಡಿ. ಆದರೆ ಮೊದಲು ಹಳೆಯ ನಂಬರು ಬರೆದುಕೊಂಡೇ ಮಾಡಿ. ನಂಬರು ಹೋದರೆ ಯಾವ ಕೀಲಿಕೈ ಹಾಕಬೇಕೆಂದು ಹೇಳುವುದು ಕಷ್ಟವಾಗುತ್ತದೆ.

ನಾಲ್ಕು: ತಡಮಾಡಬೇಡಿ. ಫೋನು ತನ್ನೊಳಗೆ ಬರೆದುಕೊಳ್ಳುವ ದಿನಚರಿಗೆ ಜಾಗ ಸ್ವಲ್ಪ. ಹೊಸದು ಬಂದಂತೆ ಹಳೆಯದು ಅಳಿಯುತ್ತದೆ. ಬಗ್ ರಿಪೋರ್ಟ್ ಎಂಬುದನ್ನು ಫೋನಿನಿಂದಲೇ ತೆಗೆಯಬಹುದು. ಬಲ್ಲ ಹುಡುಗರ ಕೈಯಿಂದ ಅಂದೇ ತೆಗೆಸಿ. ಆದರೆ ಅದನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಅದರೊಳಗೆ ನಿಮ್ಮ ಖಾತೆಗಳ ಹೆಸರು ಮೊದಲಾದ ಖಾಸಗಿ ಸಂಗತಿಗಳೂ ಇರುತ್ತವೆ. ಸಂಬಂಧಪಟ್ಟವರಿಗೆ ಮಾತ್ರ ಕೊಡಿ.

ಐದು: ಯಂತ್ರ ಹೀಗೆ ಹೇಳಿತು ಎಂದು ಯಾರಾದರೂ ನಿಮ್ಮ ಮೇಲೆ ತಪ್ಪು ಹೊರಿಸಿದರೆ ಸಿಟ್ಟಾಗದೆ ಎರಡು ಪ್ರಶ್ನೆ ಕೇಳಿ. “ಇದನ್ನು ಓದಿದ್ದು ಯಾವ ಆವೃತ್ತಿಯ ಮ್ಯಾಪಿಂಗ್ ಫೈಲಿನಿಂದ? ನನ್ನ ಮೊಬೈಲಿನಲ್ಲಿದ್ದದ್ದು ಅದೇ ಆವೃತ್ತಿಯೇ?” ಆರ್-೮ ಬರೆದುಕೊಡುವ ಫೈಲಿನ ತಲೆಯಲ್ಲಿ ಆ ಫೈಲಿನ ಗುರುತಿನ ನಂಬರು ಇರುತ್ತದೆ. ಉತ್ತರ ಹೇಳುವುದು ಬಲ್ಲವರಿಗೆ ಕಷ್ಟವೇನಲ್ಲ.

ಆ್ಯಪ್ ಮಾಡುವವರಲ್ಲಿಯೂ ನಮ್ಮದೊಂದು ಅರಿಕೆ. ಅವರಲ್ಲಿ ಅನೇಕರು ನಮ್ಮ ಮಕ್ಕಳೇ ಆಗಿದ್ದಾರೆ. ಹೊಟೇಲಿನ, ಗಿರಣಿಯ ಪಗಾರದಿಂದ ಓದಿ ಇಂದು ಐರೋಲಿ, ಪೊವೈಗಳ ಕಚೇರಿಗಳಲ್ಲಿ ಕುಳಿತಿದ್ದಾರೆ. ಹೊರಗೆ ಕಳುಹಿಸಿದ ಪ್ರತಿಯೊಂದು ಆವೃತ್ತಿಯ ಮ್ಯಾಪಿಂಗ್ ಫೈಲನ್ನೂ ಆ ಆವೃತ್ತಿಯ ನಂಬರಿನೊಂದಿಗೆ ಕಟ್ಟಿ ಇಡಿ. ಸಾಲಿನ ನಂಬರುಗಳನ್ನು ಉಳಿಸಿಕೊಳ್ಳುವ ನಿಯಮ ಬರೆಯಿರಿ. ಗೂಗಲ್ಲಿನ ಪ್ಲೇ ಕನ್ಸೋಲಿಗೆ ಆ್ಯಪ್ ಕಳುಹಿಸುವಾಗ ಈ ಫೈಲನ್ನೂ ಜೊತೆಗೆ ಕೊಟ್ಟರೆ ಅಲ್ಲಿಗೆ ಬರುವ ದೂರುಗಳು ಓದಲು ಬರುವ ಹೆಸರಿನಲ್ಲಿಯೇ ಕಾಣುತ್ತವೆ. ಯಾವ ಆವೃತ್ತಿಗೆ ಯಾವ ಫೈಲು ಎಂಬ ಗೊಂದಲವೂ ತಪ್ಪುತ್ತದೆ. ಬ್ರೌಸರಿನಲ್ಲಿ ಓಡುವ ಪ್ರೋಗ್ರಾಮಾದರೆ ಸೋರ್ಸ್ ಮ್ಯಾಪ್ ಎಂಬುದು ಇದೇ ಕೆಲಸ ಮಾಡುತ್ತದೆ; ಅದನ್ನೂ ಹೀಗೆಯೇ ಕಾಪಾಡಿ. ಫೈಲನ್ನು ಊರಿಗೆಲ್ಲ ಹಂಚಿ ಎಂದು ನಾವು ಕೇಳುತ್ತಿಲ್ಲ. ಅದು ನಿಮ್ಮ ಗುಟ್ಟು, ನಿಮ್ಮಲ್ಲಿಯೇ ಇರಲಿ. ಕಳೆಯಬೇಡಿ, ತಪ್ಪಾದದ್ದನ್ನು ಹಾಕಿ ತೀರ್ಪು ಹೇಳಬೇಡಿ ಎಂದಷ್ಟೇ ಕೇಳುತ್ತಿದ್ದೇವೆ. ನಿಮಗೆ ಅದು ಒಂದು ದೋಷದ ನಂಬರು. ಮೇಜಿನ ಪಕ್ಕದಲ್ಲಿ ನಿಂತವನಿಗೆ ಅದು ಊರಿಗೆ ಕಳುಹಿಸಬೇಕಾದ ಮನಿಯಾರ್ಡರು.

ಈ ಮುಂಬಯಿಯಲ್ಲಿ ಹಗಲು ಲೋಟ ತೊಳೆದು ರಾತ್ರಿ ಶಾಲೆಗೆ ಹೋದ ನಮ್ಮ ಹಿರಿಯರು ಅಕ್ಷರ ಕಲಿತದ್ದೇಕೆ? ಹೆಬ್ಬೆಟ್ಟು ಒತ್ತುವ ಮುಂಚೆ ಕಾಗದದಲ್ಲಿ ಏನು ಬರೆದಿದೆ ಎಂದು ತಾವೇ ಓದಬೇಕೆಂದು. ಇಂದು ನಮ್ಮ ಹೆಬ್ಬೆಟ್ಟು ಮೊಬೈಲಿನ ಮೇಲಿದೆ. ಅದರೊಳಗಿನ ಕಾಗದವನ್ನು ಓದಬಲ್ಲವರು ನಮ್ಮ ಪ್ರತಿಯೊಂದು ಹೊಟೇಲಿನಲ್ಲಿ ಒಬ್ಬರಾದರೂ ಇರಬೇಕು. ಕಲಿಯಲು ಆಸೆಯುಳ್ಳ ಹುಡುಗರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ಭಾನುವಾರ ಮಧ್ಯಾಹ್ನದ ಬಿಡುವಿನಲ್ಲಿ, ನಮ್ಮ ಪ್ರಶ್ನೆ ಕೇಳಿದ ಆ ಹುಡುಗನೇ ಕಲಿಸಲು ಒಪ್ಪಿದ್ದಾನೆ.